ನೀರು ಹಿಡಿಯುವ ಪುಡಿ

ನವನಗರ, ಹುಬ್ಬಳ್ಳಿ
ರವಿವಾರ, 18 ಆಗಸ್ಟ್ 2024

ವಿದ್ಯಾ ವೈನಿಯವರಿಗೆ,

ನಿಮ್ಮ ನಾದಿನಿ ಸುಮಾ ಮಾಡುವ ನಮಸ್ಕಾರ. ಹರಿದು ಹಾಕುವ ಮೊದಲು ಒಮ್ಮೆ ಓದಿ. ಫೋನಿನಲ್ಲಿ ನನ್ನ ನಂಬರು ತಡೆದಿಟ್ಟಿದ್ದೀರಿ. ಮನೆಗೇ ಬಂದರೆ ಬಾಗಿಲು ತೆಗೆಯುತ್ತೀರೋ ಇಲ್ಲವೋ ತಿಳಿಯದು. ನವನಗರದಿಂದ ಗೋಕುಲ ರಸ್ತೆಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ, ಆ ದಾರಿಗೆ ಅಂಚೆ ಹಿಡಿಯಬೇಕಾಗಿ ಬಂದಿದೆ.

ಅವ್ವ ಇದ್ದಾಳೆ. ಸೋಮವಾರ, ಗುರುವಾರದ ಡಯಾಲಿಸಿಸ್ ತಪ್ಪಿಲ್ಲ. ಕಿಡ್ನಿ ಎರಡೂ ಕೈಕೊಟ್ಟು ಮೂರು ವರ್ಷವಾಯಿತು, ಬಾಯಿಯ ಜೋರು ಮಾತ್ರ ಕಡಿಮೆಯಾಗಿಲ್ಲ. ಮೊನ್ನೆ ನರ್ಸಿಗೆ, “ನೀ ಸೂಜಿ ಚುಚ್ಚೂದು ಗೋಣಿಚೀಲಾ ಹೊಲದಂಗ ಐತಿ ನೋಡವಾ” ಎಂದಳು. ಆ ಹುಡುಗಿ ನಕ್ಕಿತು, ಪುಣ್ಯ.

ವೈನಿ, ಕಳೆದ ನವೆಂಬರಿನ ಆ ಸೋಮವಾರವನ್ನು ನೀವು ಮರೆತಿರಲಾರಿರಿ. ನಾನೂ ಮರೆತಿಲ್ಲ. ಡಾಕ್ಟರು ರಕ್ತದ ವರದಿ ಹಿಡಿದು ಬಂದು, ರಂಜಕದ ಅಂಶ ಐದೂವರೆಯೊಳಗೆ ಇರಬೇಕಾದದ್ದು ಏಳು ಪಾಯಿಂಟ್ ಒಂಬತ್ತಕ್ಕೆ ಏರಿದೆ ಎಂದರು. “ಹಾಲು, ಮೊಸರು, ಶೇಂಗಾ ಏನರ ಹೆಚ್ಚಾಗೇತೇನ್ರಿ?” ಎಂದು ಕೇಳಿದರು. ಅರ್ಜುನಪ್ಪ ಕಾಕಾ, ಕಾಕು, ಮೈಲಾರಿ ಅಣ್ಣ ಎಲ್ಲರೂ ಹಾಸಿಗೆಯ ಸುತ್ತ ಇದ್ದರು. ನಾನು ನಿಮ್ಮ ಕಡೆ ತಿರುಗಿದೆ.

“ವೈನಿ, ಅವ್ವ ಅತ್ತಳು ಅಂತ ನೀವು ಕದ್ದು ಮೊಸರ ಹಾಕಾಕತ್ತೀರಿ. ಇದು ಮಾಯಾ ಮಮತಾ ಅಲ್ಲ, ವಿಷಾ ಹಾಕಿದಂಗ.”

“ಇಲ್ಲ ಸುಮಾ. ಒಂದ ಚಮಚೆ ಸೈತ ಹಾಕಿಲ್ಲ.”

“ನಾ ಬಿ.ಎಸ್ಸಿ. ಕೆಮಿಸ್ಟ್ರಿ ಕಲತಾಕಿ. ನನ್ನ ಮುಂದ ಸುಳ್ಳ ಹೇಳಬ್ಯಾಡ್ರಿ. ರಕ್ತ ಸುಳ್ಳ ಹೇಳೂದಿಲ್ಲ.”

ಅದೇ ವಾರ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ನನ್ನ ಮನೆಗೆ ಕರೆತಂದೆ. ನಿಮ್ಮ ಕೈಯಲ್ಲಿದ್ದರೆ ಉಳಿಯುವುದಿಲ್ಲ ಎಂದು ಕಾಕುಗೆ ಫೋನಿನಲ್ಲೂ ಹೇಳಿದೆ.

ಅಂದು ಅಷ್ಟು ಜೋರಾಗಿ ಮಾತಾಡಬಾರದಿತ್ತು. ಗಾಬರಿಯಲ್ಲಿ ಬಂದ ಮಾತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಒಮ್ಮೆ ಬಂದು ಅವ್ವನನ್ನು ನೋಡಿಕೊಂಡು ಹೋಗಿ. ಅಣ್ಣ ಆಸ್ಪತ್ರೆಗೆ ಬರುತ್ತಾನೆ, ಆದರೆ ಹೊರಗಿನ ಬೆಂಚಿನಲ್ಲೇ ಕೂತಿರುತ್ತಾನೆ. ನಾನು ಬಂದರೆ ಎದ್ದು ಹೋಗುತ್ತಾನೆ.

ನಿಮ್ಮ ಉತ್ತರದ ದಾರಿ ನೋಡುವ,
ಸುಮಾ

•

ಗೋಕುಲ ರಸ್ತೆ, ಹುಬ್ಬಳ್ಳಿ
2 ಸೆಪ್ಟೆಂಬರ್ 2024

ಸುಮಲತಾ ಅವರಿಗೆ,

ಪತ್ರ ಮುಟ್ಟಿತು. ಹರಿಯಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳು ಮಲಗಿದ ಹೊತ್ತಿನಲ್ಲಿ ಎರಡು ಸಲ ಓದಿದೆ.

ಜೋರಾಗಿ ಮಾತಾಡಬಾರದಿತ್ತು ಎಂದು ಬರೆದಿದ್ದೀರಿ. ಮೆಲ್ಲಗೆ ಹೇಳಿದ್ದರೆ ಸರಿ ಇತ್ತೇ?

ಎರಡು ವರ್ಷ ಅತ್ತೆಯವರ ಪಲ್ಯವನ್ನು ಎರಡೆರಡು ನೀರಿನಲ್ಲಿ ಕುದಿಸಿ ಬಸಿದು ಮಾಡಿದ್ದೇನೆ. ಶೇಂಗಾ ಹಿಂಡಿಯ ಡಬ್ಬಿಯನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದೆ, ಅವರ ಕಣ್ಣಿಗೆ ಬೀಳದಿರಲಿ ಎಂದು. ಮೊಸರು ಬೇಕೆಂದು ಅವರು ತಾಟು ನೂಕಿದ ದಿನ ನಾನೂ ಮೊಸರು ಬಿಟ್ಟೆ. ಇದನ್ನು ಹೇಳಿಕೊಳ್ಳಬೇಕೆಂದಿರಲಿಲ್ಲ. ನೀವು ಬರೆದಿರಿ, ಅದಕ್ಕೆ ಹೇಳಿದೆ.

ನೀವು ಆ ಮಾತು ಆಡಿದಾಗ ನಿಮ್ಮ ಅಣ್ಣ ಬಾಯಿ ತೆರೆಯಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತವರು ಅನ್ನವನ್ನು ಕೈಯಲ್ಲಿ ಆಡಿಸಿ ಎದ್ದುಬಿಟ್ಟರು. “ಹಸಿವಿಲ್ಲ” ಎಂದರು. ಹದಿಮೂರು ವರ್ಷದಲ್ಲಿ ಅವರು ಹಾಗೆ ಎದ್ದದ್ದು ಅದೇ ಮೊದಲು. ಜನವರಿಯಲ್ಲಿ ಕಾಕಾ ಅವರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದೆ. ಸಾರು ಬಡಿಸಲು ಸೌಟು ಹಿಡಿದಿದ್ದೆ. ಕಾಕು ಅದನ್ನು ಕೈಯಿಂದ ತೆಗೆದುಕೊಂಡರು. “ನೀ ಕುಂದ್ರವಾ, ನಾವ ನೀಡ್ತೀವಿ” ಎಂದರು. ನಗುತ್ತಲೇ ಅಂದರು. ಆಮೇಲೆ ನಾನು ಯಾರ ಕಾರ್ಯಕ್ಕೂ ಹೋಗಿಲ್ಲ.

ಒಂದು ಮಾತು ಕೇಳುತ್ತೇನೆ. ಅತ್ತೆಯವರು ನಿಮ್ಮ ಮನೆಗೆ ಬಂದು ಹತ್ತು ತಿಂಗಳಾಗುತ್ತ ಬಂತು. ಈಗ ರಕ್ತ ಏನು ಹೇಳುತ್ತಿದೆ? ಅದನ್ನು ನೀವು ಬರೆದಿಲ್ಲ.

ವಿದ್ಯಾ ಮೈಲಾರಿ

•

ನವನಗರ
8 ಸೆಪ್ಟೆಂಬರ್ 2024

ವೈನಿ,

ನಿಮ್ಮ ಕೊನೆಯ ಪ್ರಶ್ನೆ ಓದಿ ಪತ್ರವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ನನ್ನ ಗಂಡ ಸಿದ್ಧಾರೂಢರ ಕೈಗೆ ಸಿಕ್ಕೀತು ಎಂಬ ಭಯ. ಹೆಂಡತಿ ಏನು ಮಾಡಿದ್ದಾಳೆಂದು ಅವರಿಗೂ ಗೊತ್ತಿಲ್ಲ. ಇವತ್ತು ಗಣಪತಿ ನೋಡಲು ಅವರು ಊರೊಳಗೆ ಹೋಗಿದ್ದಾರೆ, ಅವ್ವ ಮಲಗಿದ್ದಾಳೆ. ಈಗ ಬರೆಯದಿದ್ದರೆ ಇನ್ನು ಬರೆಯಲಾರೆ.

ನನ್ನ ಮನೆಗೆ ಬಂದ ಎರಡನೇ ತಿಂಗಳಿಗೆ ಎಂಟು ದಾಟಿತು. ಫೆಬ್ರುವರಿಯಲ್ಲಿ ಎಂಟೂವರೆ. ಅಡಿಗೆ ನನ್ನದೇ. ಹಾಲಿಲ್ಲ, ಮೊಸರಿಲ್ಲ, ಶೇಂಗಾ ಇಲ್ಲ. ರಂಜಕ ತಡೆಯಲು ಊಟದ ನಡುವೆ ನುಂಗುವ ಗುಳಿಗೆಯನ್ನೂ ಎದುರಿಗೆ ನಿಂತು ನುಂಗಿಸುತ್ತಿದ್ದೆ. ಆಗಲಾದರೂ ನಿಮ್ಮ ನೆನಪಾಗಬೇಕಿತ್ತು. ಲ್ಯಾಬು ಸರಿಯಿಲ್ಲ, ಮಷಿನ್ ಸರಿಯಿಲ್ಲ ಎಂದು ಅವರಿವರ ಮೇಲೆ ಹಾಕಿದೆ. ಅವ್ವ ಮೈ ಕೆರೆದು ಕೆರೆದು ಬೆನ್ನೆಲ್ಲ ಗೀರು ಮಾಡಿಕೊಂಡಳು. ಮಾರ್ಚಿನಲ್ಲಿ ಒದ್ದೆ ಟವೆಲ್ ಹಿಂಡಲು ಹೋಗಿ ಬಲಗೈ ಮಣಿಕಟ್ಟು ಮುರಿಯಿತು. ಬಿದ್ದದ್ದಲ್ಲ, ಪೆಟ್ಟು ತಾಗಿದ್ದಲ್ಲ. “ಟಕ್ ಅಂತ ಸಪ್ಪಳಾತು ನೋಡವಾ, ಒಣಾ ಕಟಗಿಯಂಗ” ಎಂದಳು. ರಕ್ತದಲ್ಲಿ ರಂಜಕ ಏರಿದರೆ ಎಲುಬಿನ ಸುಣ್ಣದ ಅಂಶ ಕರಗುತ್ತ ಹೋಗುತ್ತದೆ, ಅದು ರಕ್ತನಾಳಗಳ ಗೋಡೆಗೆ ಹೋಗಿ ಮೆತ್ತಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು.

ಏಪ್ರಿಲ್‌ನಲ್ಲಿ ಶಾಜಿಯಾ ಎಂಬ ಹೊಸ ಆಹಾರ ತಜ್ಞೆ ವಾರ್ಡಿಗೆ ಬಂದರು. ಹಾಲು ಮೊಸರಿನ ಮಾತೇ ತೆಗೆಯಲಿಲ್ಲ.

“ಅಮ್ಮಾರು ಪ್ಯಾಕೆಟಿಂದು ಏನರ ತಿಂತಾರೇನ್ರಿ?”

“ಏನಿಲ್ರಿ” ಎಂದೆ.

ಹಾಸಿಗೆಯಿಂದ ಅವ್ವ ಎಂದಳು: “ಯಾಕವಾ, ನೀ ತರ್ತೀಯಲ್ಲ ಕೋಳಿ ವಡಿ, ಅದು ಪ್ಯಾಕೆಟಿಂದಲ್ಲೇನ?”

“ಎಷ್ಟ ತಿಂತೀರಿ ಅಮ್ಮಾ?”

“ಮೊದಲ ರವಿವಾರಕ್ಕೊಮ್ಮಿ ತಿಂತಿದ್ದೆ. ಮಗಳ ಮನಿಗೆ ಬಂದ ಮ್ಯಾಲ ದಿನಾ ನಾಕ.”

ಮುಂದಿನ ಸಲ ಪೊಟ್ಟಣ ತರಲು ಹೇಳಿದರು. ಹಿಂಬದಿಯ ಸಣ್ಣ ಅಕ್ಷರಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಒಂದು ಕಡೆ ಬೆರಳಿಟ್ಟರು. 451. “ಇದೇನಂತ ಗೊತ್ತೈತೇನ್ರಿ?”

ಗೊತ್ತಿತ್ತು ವೈನಿ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ದಿನಾ ಅದನ್ನು ತೂಗುತ್ತೇನೆ. ಬಿಳಿ ಪುಡಿ. ನಾವು ಅದನ್ನು ನೀರು ಹಿಡಿಯುವ ಪುಡಿ ಎನ್ನುತ್ತೇವೆ. ಕೋಳಿಯ ತುಂಡು, ಉಪ್ಪುನೀರು, ಆ ಪುಡಿ ಮೂರನ್ನೂ ಸ್ಟೀಲಿನ ದೊಡ್ಡ ಪೀಪಾಯಿಗೆ ಹಾಕಿ ತಿರುಗಿಸಿದರೆ ಮಾಂಸ ನೀರು ಕುಡಿದು ಉಬ್ಬುತ್ತದೆ. ನೂರು ಕೆ.ಜಿ. ಹಾಕಿದರೆ ನೂರಾ ಹದಿನೈದು ಹೊರಬರುತ್ತದೆ. ಬೇಯಿಸಿದರೂ ಮೆತ್ತಗೆ, ರಸ ರಸ. ಹಲ್ಲಿಲ್ಲದ ಅವ್ವನಿಗೆ ಅದಕ್ಕೇ ಹಿಡಿಸಿತ್ತು. ಆ ಪುಡಿ ಫಾಸ್ಫೇಟು, ಅಂದರೆ ರಂಜಕದ ಉಪ್ಪು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಡಾಕ್ಟರ ಚೀಟಿಯಲ್ಲೂ ಅದೇ ಹೆಸರು. ಎರಡನ್ನೂ ನಾನೇ ಓದುತ್ತಿದ್ದೆ, ಒಂದನ್ನು ಹಗಲು, ಇನ್ನೊಂದನ್ನು ಸಂಜೆ. ಕಿಡ್ನಿ ರೋಗಿಗಳಿಗೆ ಕೋಳಿ ಸ್ವಲ್ಪ ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದರಲ್ಲ. ಕಾರ್ಖಾನೆಯವರು ಸಿಬ್ಬಂದಿಗೆ ಕೊಡುವ ಪೊಟ್ಟಣ, ನನ್ನ ಕೈಯಿಂದ ಪಾಸಾದ ಪೊಟ್ಟಣ ಎಂಬ ಹೆಮ್ಮೆ ಬೇರೆ.

ಶಾಜಿಯಾ ಬಿಡಿಸಿ ಹೇಳಿದರು: “ಜ್ವಾಳಾ, ಬ್ಯಾಳಿಯೊಳಗಿನ ರಂಜಕಾ ಅರ್ಧಾನೂ ಮೈಗೆ ಹತ್ತೂದಿಲ್ರಿ. ಹಾಲು, ಮೊಸರು, ಬರೇ ಕೋಳಿದು ಅದಕ್ಕಿಂತ ಜಾಸ್ತಿ ಹತ್ತೈತಿ. ಈ ಪುಡಿದು ಹೆಚ್ಚೂಕಡಿಮಿ ಪೂರಾ ರಕ್ತಕ್ಕ ಇಳೀತೈತಿ. ನಮ್ಮ ನಿಮ್ಮ ಕಿಡ್ನಿ ಸೋಸಿ ಹೊರಗ ಹಾಕ್ತಾವ. ಅಮ್ಮಾರ ಕಿಡ್ನಿಗೆ ಅದ ಆಗೂದಿಲ್ಲ.”

ಅಂದೇ ನಿಲ್ಲಿಸಿದೆ. ಜೂನಿನಲ್ಲಿ ಆರು ಪಾಯಿಂಟ್ ಒಂದು. ಜುಲೈಯಲ್ಲಿ ಐದು ಪಾಯಿಂಟ್ ನಾಲ್ಕು. ಮೈ ತುರಿಕೆ ನಿಂತಿದೆ. ಅವ್ವನಿಗೆ ಮಾತ್ರ, ಕಾರ್ಖಾನೆಯಲ್ಲಿ ಪೊಟ್ಟಣ ಕೊಡುವುದು ಬಂದಾಯಿತು ಎಂದು ಸುಳ್ಳು ಹೇಳಿದ್ದೇನೆ.

ವಿಷದ ಮಾತು ಆಡಿದವಳು ನಾನು, ಪ್ರತಿ ರವಿವಾರ ನಿಮ್ಮ ಮನೆಗೆ ಅದನ್ನು ಚೀಲದಲ್ಲಿ ಹೊತ್ತು ತಂದವಳೂ ನಾನು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ಹೋದ ತಿಂಗಳ ಪತ್ರದಲ್ಲೂ ಮುಚ್ಚಿಟ್ಟೆ. ನೀವು ಕೇಳದಿದ್ದರೆ ಇದನ್ನೂ ಬರೆಯುತ್ತಿರಲಿಲ್ಲವೇನೋ.

ಕ್ಷಮೆ ಎಂಬ ಶಬ್ದ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ. ಕಾಗದದ ಮೇಲೆ ಅದರ ಗುರುತು ಕಾಣುತ್ತಿರಬೇಕು.

ಸುಮಾ

•

ಗೋಕುಲ ರಸ್ತೆ
30 ಸೆಪ್ಟೆಂಬರ್ 2024

ಸುಮಲತಾ ಅವರಿಗೆ,

ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ. ಅದಕ್ಕೆ ಕಾರಣ ನೀವಲ್ಲ.

ನಿಮ್ಮ ಪತ್ರವನ್ನು ನಿಮ್ಮ ಅಣ್ಣನಿಗೆ ತೋರಿಸಿಲ್ಲ. ತೋರಿಸಿದರೆ ನನ್ನ ಪರವಾಗಿ ನಾನೇ ಮಾತಾಡಿಕೊಂಡಂತಾಗುತ್ತದೆ. ನಾನೊಬ್ಬಳೇ ಓದಿ ಮಡಚಿಟ್ಟರೆ ಏನು ಬಂತು? ಕಾಕು ಇದನ್ನು ಓದುವುದಿಲ್ಲ. ಬೀಗರು ಓದುವುದಿಲ್ಲ. ಅಂಗನವಾಡಿಗೆ ಮಗುವನ್ನು ಬಿಡಲು ಬಂದವಳೊಬ್ಬಳು, “ಟೀಚರ್, ನಿಮ್ಮ ಅತ್ತಿ ಈಗ ಮಗಳ ಮನ್ಯಾಗ ಆರಾಮ ಅದಾರಂತಲ್ರಿ?” ಎಂದು ಕೇಳಿ ನನ್ನ ಮುಖ ನೋಡಿದಳು. ಅವಳೂ ಓದುವುದಿಲ್ಲ.

ಹತ್ತು ಮಂದಿಯ ಮುಂದೆ ಆಡಿದ ಮಾತನ್ನು ಹತ್ತು ಮಂದಿಯ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅತ್ತೆಯವರೂ ಅಲ್ಲಿರಬೇಕು. ನಾನು ಬೇಕಿಲ್ಲ.

ಆಗದಿದ್ದರೆ ಆಗುವುದಿಲ್ಲ ಎಂದು ಬರೆಯಿರಿ. ಸುಮ್ಮನೆ ಬರೆಯುತ್ತ ಕೂರಬೇಡಿ.

ವಿದ್ಯಾ

•

ನವನಗರ
14 ಅಕ್ಟೋಬರ್ 2024

ವೈನಿ,

ಆಗಲಿಲ್ಲ.

ಮೊನ್ನೆ ದಸರೆಯ ಬನ್ನಿ ಕೊಡಲು ಅವ್ವನನ್ನು ಕರೆದುಕೊಂಡು ಧಾರವಾಡಕ್ಕೆ, ಕಾಕಾನ ಮನೆಗೆ ಹೋದೆ. ಅಣ್ಣನೂ ಬಂದಿದ್ದ. ಇವತ್ತೇ ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಕಾಕಾನ ಕೈಯಲ್ಲಿ ಬನ್ನಿ ಎಲೆ ಇಟ್ಟು ಕಾಲು ಮುಟ್ಟಿದೆ. “ಬನ್ನಿ ತಗೊಂಡು ಬಂಗಾರದಂಗ ಇರೂಣವಾ” ಎಂದರು. ನಾನೂ ಅದನ್ನೇ ಅಂದೆ. ಮುಂದಿನ ಮಾತು ಬರಲಿಲ್ಲ.

ಅಷ್ಟರಲ್ಲಿ ಕಾಕು ಒಳಗಿನಿಂದ ಬಂದು, “ವಿದ್ಯಾ ಬರಲಿಲ್ಲೇನ? ಬರದಿದ್ದದ್ದ ಛಲೋ ಆತ ಬಿಡು” ಎಂದರು.

ಅದೇ ಹೊತ್ತು. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು “ಹೂಂ” ಎಂದೆ.

ಹೂಂ ಎಂದೆ ವೈನಿ. ಇದನ್ನು ನಿಮಗೆ ಬರೆಯದೆ ಮುಚ್ಚಿಡಬಹುದಿತ್ತು. ಮುಚ್ಚಿಡುವುದು ಸಾಕಾಗಿದೆ.

ಇನ್ನೊಂದು ಸಂಗತಿ. ಕಾರ್ಖಾನೆಯಲ್ಲಿ ನಮ್ಮ ಮ್ಯಾನೇಜರು ಅಬ್ದುಲಗನಿ ಸಾಹೇಬರನ್ನು ಕೇಳಿದೆ, ಕಿಡ್ನಿ ರೋಗಿಗಳಿಗೆ ಇದು ಬೇಡ ಎಂದು ಪೊಟ್ಟಣದ ಮೇಲೆ ಒಂದು ಸಾಲು ಹಾಕಿಸಬಹುದೇ ಎಂದು.

“ಕಾನೂನಿನ ಮಿತಿ ಒಳಗ ಐತಿ ಸುಮಲತಾ. ಲೇಬಲ್ಲಿನ್ಯಾಗ ಬರದೇವಿ. ಮುಚ್ಚಿಟ್ಟಿದ್ದೇನೈತಿ?”

“ಎಷ್ಟ ಹಾಕೇವಿ ಅಂತ ಬರದಿಲ್ರಿ ಸರ್.”

“ಅದನ್ನ ಯಾರೂ ಬರಿಯೂದಿಲ್ಲ. ಬರೀಬೇಕಂತ ಕಾನೂನೂ ಇಲ್ಲ.” ಹಿಂದೆಯೇ ಕೇಳಿದರು, “ನಿಮ್ಮ ತಾಯಿಯವರು ಹೆಂಗದಾರ?”

ಕೆಟ್ಟ ಮನುಷ್ಯರಲ್ಲ. ಆರೋಗ್ಯವಂತರು ಅಷ್ಟಿಷ್ಟು ತಿಂದರೆ ಏನೂ ಆಗುವುದಿಲ್ಲ ಎಂಬುದೂ ನಿಜ. ನಾನು ಕೆಲಸ ಬಿಟ್ಟಿಲ್ಲ. ದಿನಾ ಅದೇ ಕಾಗದದ ಮೇಲೆ ರುಜು ಹಾಕುತ್ತೇನೆ. ಮಾಡಿದ್ದು ಇಷ್ಟೇ: ಪೊಟ್ಟಣದ ಮೇಲೆ ಯಾವ ಯಾವ ನಂಬರು ಕಂಡರೆ ತಿನ್ನಬಾರದು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಶಾಜಿಯಾ ಅವರಿಗೆ ಕೊಟ್ಟೆ. ನಮ್ಮ ಕೋಳಿ ಒಂದೇ ಅಲ್ಲ. ಚೀಸ್, ಅಂಗಡಿಯ ಕೇಕು, ಕಪ್ಪು ಬಣ್ಣದ ತಂಪು ಪಾನೀಯ, ಎಲ್ಲದರಲ್ಲೂ ಒಂದೊಂದು ಹೆಸರಿನಲ್ಲಿ ಇದೆ. ಡಯಾಲಿಸಿಸ್ ಕೋಣೆಯ ಗೋಡೆಗೆ ಅದನ್ನು ಅಂಟಿಸಿದ್ದಾರೆ. “ಕೆಳಗ ನಿಮ್ಮ ಹೆಸರ ಹಾಕಲೇನ್ರಿ?” ಎಂದು ಕೇಳಿದರು. ಬೇಡವೆಂದೆ. ಅವರು ಅದನ್ನು ವಿನಯ ಎಂದುಕೊಂಡರು.

ಕಾಕಾನ ಬಸುರಿ ಮೊಮ್ಮಗಳ ಕುಬಸ ನವೆಂಬರಿನಲ್ಲಿದೆ. ಹೇಳುತ್ತೇನೆ ಎಂದು ಮಾತು ಕೊಡುವ ಯೋಗ್ಯತೆ ನನಗಿಲ್ಲ. ಹೋಗುತ್ತೇನೆ ಎಂದಷ್ಟೇ ಬರೆಯುತ್ತೇನೆ.

ಸುಮಾ

•

ನವನಗರ
25 ನವೆಂಬರ್ 2024

ವೈನಿ,

ಅಣ್ಣ ಮನೆಗೆ ಬಂದು ನಿಮಗೆ ಅಷ್ಟೋ ಇಷ್ಟೋ ಹೇಳಿರಬೇಕು. ಅವನು ನಡುವೆಯೇ ಎದ್ದುಹೋದ. ನಡೆದದ್ದನ್ನು ಪೂರ್ತಿ ಬರೆಯುತ್ತೇನೆ.

ನಿನ್ನೆ ಕುಬಸಕ್ಕೆ ನಲವತ್ತು ಮಂದಿ ಇದ್ದರು. ಆರತಿ ಮುಗಿದು ಊಟಕ್ಕೆ ಚಾಪೆ ಹಾಸುತ್ತಿದ್ದರು. ಕಾಕು ನನ್ನನ್ನು ಬೀಗರಿಗೆ ಪರಿಚಯಿಸುತ್ತ, “ನಮ್ಮ ದುರಗವ್ವನ ಮಗಳು. ತಾಯೀನ ಯಮನ ಕೈಯಾಗಿಂದ ಕಸಗೊಂಡ ಬಂದಾಕಿ” ಎಂದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿ ತೆರೆಯಿತು.

“ಕಾಕು, ಅದು ಸುಳ್ಳ. ಅವ್ವನ ರಕ್ತ ಕೆಡಿಸಿದಾಕಿ ನಾನ. ವೈನಿ ಒಂದ ದಿನಾನೂ ಪಥ್ಯ ತಪ್ಪಿಸಿರಲಿಲ್ಲ. ನಾ ತರತಿದ್ದ ಪ್ಯಾಕೆಟಿನ್ಯಾಗ ಇತ್ತು ಅದು. ಏಪ್ರಿಲ್ ತಿಂಗಳಿಂದ ನನಗ ಗೊತ್ತೈತಿ.”

ಚಾಪೆ ಹಾಸುತ್ತಿದ್ದವರು ಹಾಗೇ ನಿಂತರು. “ಅಂದ್ರ ವಿದ್ಯಾಂದ ಏನೂ ತಪ್ಪಿಲ್ಲೇನ?” ಎಂದು ಕಾಕು ಕೇಳಿದರು. “ಏನೂ ಇಲ್ಲ” ಎಂದೆ. ಅಣ್ಣ ಬಾಗಿಲ ಹತ್ತಿರ ಇದ್ದ. ನನ್ನ ಮುಖ ನೋಡಿದ. ಎದ್ದು ಹೊರಗೆ ಹೋದ. ಚಪ್ಪಲಿ ಮೆಟ್ಟಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆಗ ಕುರ್ಚಿಯಲ್ಲಿದ್ದ ಅವ್ವ ದನಿ ತೆಗೆದಳು.

“ಯಾರೂ ನಂಬಬ್ಯಾಡ್ರಿ. ನನ್ನ ಮಗಳು ವೈನಿ ಮಾನಾ ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ. ಎಂಥಾ ಮನಸ ನೋಡ್ರಿ ನನ್ನ ಕೂಸಿಂದು!”

ವೈನಿ, ಅವರು ಅವ್ವನನ್ನು ನಂಬಿದರು. ಬೀಗಿತಿಯೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಾಕು ನನ್ನ ಗದ್ದ ಹಿಡಿದು, “ದೊಡ್ಡ ಗುಣಾ ನಿಂದು” ಎಂದರು. ನಿಮ್ಮ ಮೇಲೆ ಆ ಮಾತು ಹೊರಿಸಿದ ದಿನವೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಇದು ಹೀಗೇ ಇರಲಿ ಎಂದೂ ಅನ್ನಿಸಿತು. ಹೇಳಿದಂತೆಯೂ ಆಯಿತು, ಹೆಸರೂ ಉಳಿಯಿತು.

ಚೀಲದಲ್ಲಿ ರಕ್ತದ ವರದಿಗಳಿದ್ದವು, ಖಾಲಿ ಪೊಟ್ಟಣವೂ ಇತ್ತು. ಹೊರಗೆ ತೆಗೆದು ಕಾಕಾನ ಕೈಗೆ ಕೊಟ್ಟೆ. ತಿಂಗಳು ತಿಂಗಳು ಓದಿ ಹೇಳಿದೆ. ನಿಮ್ಮ ಮನೆಯಲ್ಲಿದ್ದಾಗ ಎಷ್ಟು, ನನ್ನ ಮನೆಗೆ ಬಂದ ಮೇಲೆ ಎಷ್ಟು, ಪೊಟ್ಟಣ ನಿಲ್ಲಿಸಿದ ಮೇಲೆ ಎಷ್ಟು. ಕಾಕು ನನ್ನ ಗದ್ದದಿಂದ ಕೈ ತೆಗೆದರು.

ಅರ್ಜುನಪ್ಪ ಕಾಕಾ ಬಹಳ ಹೊತ್ತು ಪೊಟ್ಟಣವನ್ನು ತಿರುಗಿಸುತ್ತ ಕೂತರು. ಕೊನೆಗೆ ಎಂದರು, “ಒಂದ ವರ್ಷ ಆತಲ್ಲವಾ. ಒಂದ ವರ್ಷ ಆ ಹೆಣಮಗಳ ಮಾರಿ ಕಡೆ ನಾವ್ಯಾರೂ ನೆಟ್ಟಗ ನೋಡಲಿಲ್ಲ.”

ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ತುತ್ತು ಇಳಿಯುತ್ತಿರಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಅವ್ವ ರಸ್ತೆ ನೋಡುತ್ತಲೇ ಎಂದಳು: “ನಾ ತಿಂದಿದ್ದು ನನ್ನ ಮಗಳ ಕೈಲೆ. ಅದರಾಗ ಕೆಟ್ಟದ್ದಿತ್ತು ಅಂದ್ರ ನಾ ಹೆಂಗ ನಂಬಲಿ? ವಿದ್ಯಾನ ಮಾಡಿರಬೇಕು.”

ನಲವತ್ತು ಮಂದಿ ನಂಬಿದರು, ಅವ್ವ ನಂಬಲಿಲ್ಲ. ನನ್ನಿಂದ ಆದದ್ದು ಇಷ್ಟು.

ಸುಮಾ

•

ಗೋಕುಲ ರಸ್ತೆ
13 ಡಿಸೆಂಬರ್ 2024

ಸುಮಾ,

ನಿನ್ನ ನಂಬರನ್ನು ಬಿಡಿಸಿದ್ದೇನೆ. ಆದರೂ ಬರೆಯುತ್ತಿದ್ದೇನೆ, ಇದು ಫೋನಿನಲ್ಲಿ ಹೇಳಲು ಬಾರದ ಮಾತು.

ಕುಬಸದ ಮರುದಿನ ಕಾಕಾ, ಕಾಕು ಇಬ್ಬರೂ ಮನೆಗೆ ಬಂದರು. ಕಾಕು ನನ್ನ ಎರಡೂ ಕೈ ಹಿಡಿದುಕೊಂಡು, “ಬಂಗಾರದಂಥಾಕಿ ನೀ. ಇಷ್ಟ ಆದ್ರೂ ಒಂದ ಮಾತ ತಿರುಗಿ ಆಡಲಿಲ್ಲ” ಎಂದು ಅತ್ತರು. ನಿನ್ನ ಅಣ್ಣ ಅವರೆದುರಿಗೇ, “ನನಗ ಬುದ್ಧಿ ಇರಲಿಲ್ಲ ವಿದ್ಯಾ” ಎಂದರು. ವರ್ಷವಿಡೀ ಈ ಮಾತಿಗೆ ಕಾದಿದ್ದೆ. ಬಂದಾಗ ಕೂರಲು ಆಗಲಿಲ್ಲ. ಚಹಾ ಮಾಡುತ್ತೇನೆಂದು ಒಳಗೆ ಹೋಗಿ ಗ್ಯಾಸು ಹಚ್ಚದೆ ನಿಂತಿದ್ದೆ.

ನನಗೆ ಗೊತ್ತಿತ್ತು ಸುಮಾ.

ಜನವರಿಯಲ್ಲೇ ಗೊತ್ತಿತ್ತು. ಕಾಕಾನ ಮನೆಯಿಂದ ಬಂದ ವಾರ ಫ್ರಿಜ್ ಒರೆಸುವಾಗ ಬರ್ಫಿನ ಖಾನೆಯಲ್ಲಿ ನೀನು ತಂದಿದ್ದ ಒಂದು ಪೊಟ್ಟಣ ಸಿಕ್ಕಿತು. ಅತ್ತೆಯವರಿಗೆ ನಾನು ಹಾಕಿದ ಪ್ರತಿಯೊಂದನ್ನೂ ಮನಸ್ಸಿನಲ್ಲಿ ಸಾವಿರ ಸಲ ತೂಗಿ ನೋಡಿದ್ದೆ, ಉಳಿದದ್ದು ಇದೊಂದೇ. ಹಿಂದಿನ ನಂಬರುಗಳನ್ನು ಒಂದೊಂದಾಗಿ ಫೋನಿನಲ್ಲಿ ಹುಡುಕಿದೆ. ಅರ್ಧ ತಾಸೂ ಹಿಡಿಯಲಿಲ್ಲ. ಬಿ.ಎಸ್ಸಿ.ಯೂ ಬೇಕಾಗಲಿಲ್ಲ.

ಅವತ್ತೇ ಬಸ್ಸು ಹತ್ತಿ ಬರಬೇಕಿತ್ತು. ನಿನ್ನ ನಂಬರನ್ನು ತಡೆದಿಟ್ಟದ್ದು ಅವತ್ತು. ಹೇಳಿದರೆ ಯಾರು ನಂಬುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿಜವಾಗಿ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಏರಲಿ, ಅವಳ ಮನೆಯಲ್ಲೇ ಏರಲಿ, ಆಗ ಗೊತ್ತಾಗುತ್ತದೆ ಎಂದುಕೊಂಡೆ. ನಿನ್ನ ಅಣ್ಣ ಆಸ್ಪತ್ರೆಯಿಂದ ಬಂದು, ಎಂಟು ದಾಟಿದೆ ಎಂದಾಗ ನನ್ನ ಒಳಗೆ ಏನೋ ತಣ್ಣಗಾಯಿತು. ಮಾರ್ಚಿನಲ್ಲಿ ಮಣಿಕಟ್ಟು ಮುರಿದ ಸುದ್ದಿ ಬಂತು. ಅವತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತ ನಡುವೆ ಸಾಲು ಮರೆತು ನಿಂತೆ. ಆಗಲೂ ಹೇಳಲಿಲ್ಲ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬ ಭಯ.

ನೀನು ತಿಳಿಯದೆ ಉಣಿಸಿದೆ. ನಾನು ತಿಳಿದು ಸುಮ್ಮನಿದ್ದೆ. ಇಷ್ಟಿದ್ದೂ, ಹತ್ತು ಮಂದಿಯ ಮುಂದೆ ನಿಂತು ಹೇಳು ಎಂದು ನಿನಗೆ ಬರೆದೆ.

ನಿನ್ನೆ ಗುರುವಾರ ನೀನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಆಸ್ಪತ್ರೆಗೆ ಹೋದೆ. ಅತ್ತೆಯವರು ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. “ಅತ್ತೀ, ಸುಮಾ ಹೇಳಿದ್ದು ಖರೇ ಐತಿ. ಆಕಿಗಿಂತ ಮೊದಲ ನನಗ ಗೊತ್ತಾಗಿತ್ತು. ನಿಮ್ಮ ಕೈ ಮುರಿಯೂಕಿಂತ ಮೊದಲ. ಸಿಟ್ಟಿಗೆ ಹೇಳಲಿಲ್ಲ.”

ನರ್ಸ್ ಬಂದು ಬಿ.ಪಿ. ನೋಡಿಕೊಂಡು ಹೋದಳು. ಮಷಿನ್ ತಿರುಗುತ್ತಿತ್ತು. ಪಕ್ಕದ ಹಾಸಿಗೆಯವರ ಮಗ ನಿನ್ನ ಹಾಳೆಯ ಎದುರು ನಿಂತು ನಂಬರು ಬರೆದುಕೊಳ್ಳುತ್ತಿದ್ದ. ಆಮೇಲೆ ಅತ್ತೆಯವರು ಗೋಡೆ ನೋಡುತ್ತಲೇ ಎಂದರು:

“ಇಬ್ಬರೂ ಹೇಳೀರಿ. ಇನ್ನ ನಾ ಯಾರಿಗೆ ಬೈಲಿ?”

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅವರಿಗೆ ಎರಡೂ ಬರಲಿಲ್ಲ. ಕಣ್ಣು ಮುಚ್ಚಿಕೊಂಡರು. ಮಷಿನ್ ನಿಲ್ಲಿಸುವವರೆಗೂ ನಾನು ಅಲ್ಲೇ ಇದ್ದೆ. ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಅವರನ್ನು ನಮ್ಮ ಮನೆಗೆ ಕಳಿಸು ಎಂದು ಕೇಳುವ ಮುಖ ನನಗಿನ್ನೂ ಇಲ್ಲ. ನಿನ್ನ ಅಣ್ಣನಿಗೆ ಇವತ್ತು ಸಂಜೆ ಹೇಳಬೇಕು, ಕಾಕುಗೂ ಹೇಳಬೇಕು. ಬಂಗಾರದಂಥಾಕಿ ಎಂದದ್ದನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿ.

ಸೋಮವಾರ ಬರುತ್ತೇನೆ. ನೀನೂ ಪಾಳಿ ಬದಲಿಸಿಕೊಂಡು ಬಾ. ಇಬ್ಬರೂ ಹಾಸಿಗೆಯ ಒಂದೇ ಕಡೆ ಕೂರೋಣ. ಅವರಿಗೆ ಯಾರನ್ನು ಬೈಯಬೇಕು ಅನ್ನಿಸುತ್ತದೋ ಬೈಯಲಿ.

ನಿನ್ನ,
ವಿದ್ಯಾ ವೈನಿ